ನಿಲ್ಲಿಸಿದ ಜಾಗ

ಮಾರ್ಚ್ 22

ಗುಬ್ಬಿ,

ಫೋನಿಗೆ ಸಿಗದವರು ಕಾಗದಕ್ಕೆ ಸಿಗುತ್ತಾರೆ ಅಂತಲೋ, ಕಾಗದಕ್ಕೂ ಸಿಗದವರನ್ನು ಬಿಟ್ಟುಬಿಡಬೇಕು ಅಂತಲೋ, ನಿನ್ನ ವಿಷಯ ಬಂದಾಗ ನಿಮ್ಮಣ್ಣ ಒಂದು ಮಾತು ಹೇಳಿದ್ದರು. ಎರಡರಲ್ಲಿ ಯಾವುದೆಂದು ಈಗ ನೆನಪಾಗುತ್ತಿಲ್ಲ. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಿದ್ದೆ, ಅರ್ಧಂಬರ್ಧ ಕೇಳಿಸಿತು. ಮೊದಲನೆಯದೇ ಇರಬೇಕು ಅಂದುಕೊಂಡು ಬರೆಯುತ್ತಿದ್ದೇನೆ. ಮೆಸೇಜ್ ಕಳಿಸಿದರೆ ನೀನು ‘ಸರಿ’ ಅಂತ ಎರಡಕ್ಷರ ಹಾಕಿ ಮುಗಿಸುತ್ತೀಯ.

ಅವರು ಹೋದಾಗ ನೀನು ಬರಲಿಲ್ಲ. ಅದಕ್ಕಾಗಿ ಬರೆಯುತ್ತಿಲ್ಲ. ಇದು ಲೈಬ್ರರಿಯ ಕೆಲಸ. ಕಣ್ಣು ಕಾಣದವರಿಗೆ ನಾವು ಪುಸ್ತಕ ಓದಿ ಕಳಿಸುವ ಆ ಪ್ರೋಗ್ರಾಂ ಬರೆದವಳು ನೀನು. ನೀನು ಬಿಟ್ಟುಹೋದ ಮೇಲೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಬಲ್ಲವರು ಇಲ್ಲಿ ಯಾರೂ ಇಲ್ಲ. ನಾನು ಹೆಸರು ಸೇರಿಸುತ್ತೇನೆ, ಹೆಸರು ತೆಗೆಯುತ್ತೇನೆ, ಅಷ್ಟೇ.

ಹತ್ತು ದಿನದಿಂದ ಕೇಳುಗರ ಫೋನ್ ಬರುತ್ತಿದೆ. ಮೊದಲು ಮಾಡಿದವರು ರಿಟೈರ್ ಆದ ಒಬ್ಬ ಬಸ್ ಡ್ರೈವರ್. ಫೋನ್ ಲೈನಿನಲ್ಲೇ ಪುಸ್ತಕ ಕೇಳುತ್ತಾರೆ, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದುವರಿಯುತ್ತದೆ. “ಮೇಡಂ, ಹನ್ನೊಂದನೇ ಅಧ್ಯಾಯದಲ್ಲಿ ಹಡಗು ಮುಳುಗೋ ಹೊತ್ತಿಗೆ ನಿಲ್ಸಿ ಊಟಕ್ಕೆ ಹೋದೆ. ಬಂದು ನಂಬರ್ ಒತ್ತಿದ್ರೆ ಹಡಗೂ ಇಲ್ಲ, ಸಮುದ್ರಾನೂ ಇಲ್ಲ,” ಅಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರದೂ ಒಂದೇ ದೂರು. ನಿಲ್ಲಿಸಿದ ಜಾಗ ಕಳೆದಿದೆ, ಪುಸ್ತಕವೂ ಸಿಗುತ್ತಿಲ್ಲ.

ಪಟ್ಟಿ ಬರೆದುಕೊಂಡೆ. ಇಪ್ಪತ್ತಾರು ಪುಸ್ತಕಗಳಾದ ಮೇಲೆ ಪೆನ್ನು ಕೆಳಗಿಟ್ಟೆ. ಇಪ್ಪತ್ತಾರೂ ನಿಮ್ಮಣ್ಣ ಓದಿದವು. ಬೇರೆಯವರು ಓದಿದ್ದು ಒಂದೂ ಹೋಗಿಲ್ಲ. ಅವರು ಹತ್ತೊಂಬತ್ತು ವರ್ಷ ಓದಿದ್ದು ಇನ್ನೂರ ಹದಿನಾಲ್ಕು ಪುಸ್ತಕ. ಹುಡುಕಿದರೆ ಒಂದೂ ಇಲ್ಲ. ಲೈಬ್ರರಿಯ ಫೋನ್ ಎತ್ತುವ ನಮ್ಮ ಫೋನಿನಣ್ಣ ಇದ್ದಾನಲ್ಲ, ಅವನಿಗೆ ಹೇಳಿದೆ. ಅವನು, “ಯಜಮಾನ್ರು ಬದುಕಿದ್ದಾಗ ಒಂದು ದಿನ ರಜಾ ಹಾಕ್ಲಿಲ್ಲ. ಎಲ್ಲಾ ಸೇರಿಸಿ ಈಗ ಹಾಕವ್ರೆ,” ಅಂದ. ಅವನು ಹಾಗೆ ಮಾತಾಡುವುದು ಅಳು ಬಂದಾಗ ಅಂತ ನಿನಗೂ ಗೊತ್ತು.

ಓದುವವರ ಪಟ್ಟಿಯಲ್ಲಿ ನಿಮ್ಮಣ್ಣನ ಹೆಸರೇ ಇಲ್ಲ. ಆ ಪಟ್ಟಿಯನ್ನು ನಾನು ಮುಟ್ಟಿಲ್ಲ. ಕೇಳುವವರ ಪಟ್ಟಿಯಿಂದ ಮಾತ್ರ ಈ ತಿಂಗಳ ಒಂಬತ್ತರಂದು ತೆಗೆದೆ. ಕಣ್ಣು ಹೋದ ಮೇಲೆ ಅವರೂ ಕೇಳುಗರೇ ಆಗಿದ್ದರಲ್ಲ. ಪ್ರತಿ ಸೋಮವಾರ ಮನೆಗೆ ಆ ಮೆಷಿನ್ನಿನ ಫೋನ್ ಬರುತ್ತಿತ್ತು. ಅವರ ಹೆಸರು ಹಿಡಿದು ಕರೆದು, ನಿಮ್ಮ ಸರದಿಯ ಪುಸ್ತಕ ಬಂದಿದೆ ಅನ್ನುತ್ತಿತ್ತು. ಅವರು ಹೋದ ಮೇಲೂ ಹದಿನಾಲ್ಕು ಸೋಮವಾರ ಎತ್ತಿದೆ. ಸಾಕಾಯಿತು.

ಏನು ಮಾಡಬೇಕೋ ಬರೆ.

ನಿನ್ನ ಅತ್ತಿಗೆ


ಏಪ್ರಿಲ್ 2

ಅತ್ತಿಗೆ,

ನಿಮ್ಮ ಕಾಗದ ಇವತ್ತು ಓದಿದೆ. ಹೊಸ ರೆಕಾರ್ಡಿಂಗ್ ಎಲ್ಲ ನಿಲ್ಲಿಸಿ, ಧ್ವನಿ ಇರುವ ಡಿಸ್ಕನ್ನು ರಿಪೇರಿಯವರಿಗೆ ಇವತ್ತೇ ತೋರಿಸಿ, ಯಾರ ಹೆಸರನ್ನೂ ತೆಗೆಯಬೇಡಿ ಎಂದು ಆಗಲೇ ಮೆಸೇಜ್ ಹಾಕಿದ್ದೇನೆ. ಉಳಿದದ್ದು ಮೆಸೇಜಿನಲ್ಲಿ ಹೇಳುವಂಥದ್ದಲ್ಲ.

ಓದಿದ ಧ್ವನಿ ಒಂದು ಕಡೆ ಫೈಲುಗಳಾಗಿ ಇರುತ್ತದೆ. ಅದು ಯಾವ ಪುಸ್ತಕ, ಯಾರು ಓದಿದ್ದು ಎಂಬ ವಿವರ ಇನ್ನೊಂದು ಕಡೆ ಪಟ್ಟಿಗಳಲ್ಲಿ ಇರುತ್ತದೆ. ಈಗ ಹೋಗಿರುವುದು ಪಟ್ಟಿಯಲ್ಲಿನ ವಿವರ. ಅದಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಪಟ್ಟಿಗಳ ನಕಲು ಪ್ರತಿ ಶನಿವಾರ ನಿಮ್ಮ ಮೇಜಿನ ಡ್ರಾಯರಿನಲ್ಲಿರುವ ಡಿಸ್ಕಿಗೆ ಹೋಗುತ್ತದೆ. ಆದರೆ ಜಾಗ ಸಾಲುತ್ತಿಲ್ಲ ಎಂದು ನಾನೇ ಒಂದು ಗುಡಿಸುವ ಪ್ರೋಗ್ರಾಂ ಬರೆದಿಟ್ಟಿದ್ದೆ. ಯಾವ ಪಟ್ಟಿಯಲ್ಲೂ ವಿವರವಿಲ್ಲದ ಫೈಲುಗಳನ್ನು ಅದು ಅಳಿಸಿಹಾಕುತ್ತದೆ. ಧ್ವನಿಗೆ ನಕಲು ಇಲ್ಲ. ಅದಕ್ಕೂ ಜಾಗ ಸಾಲಲಿಲ್ಲ. ಗುಡಿಸುವುದು ಪ್ರತಿ ತಿಂಗಳ ಒಂದನೇ ತಾರೀಕು. ನಿನ್ನೆ ಗುಡಿಸಿದೆ.

ಡಿಸ್ಕನ್ನು ರಿಪೇರಿಯವರಿಗೆ ತೋರಿಸಿ ಎಂದದ್ದು ಅದಕ್ಕೆ. ಅಳಿಸಿದ ಜಾಗದ ಮೇಲೆ ಹೊಸ ರೆಕಾರ್ಡಿಂಗ್ ಕೂತಿರದಿದ್ದರೆ ಒಂದಿಷ್ಟು ಸಿಗಬಹುದು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಕಾರಣ ನನಗೆ ಹೊಳೆದಿದೆ. ಆದರೆ ಹೊಳೆದದ್ದನ್ನು ನೋಡದೆ ನಂಬಬಾರದು. ಹೊಸಬರಿಗೆ ಕಲಿಸಲೆಂದು ಪಕ್ಕದ ಕೋಣೆಯಲ್ಲಿ ಇಟ್ಟಿರುವ ಹಳೆಯ ಕಂಪ್ಯೂಟರಿನಲ್ಲೂ ಇದೇ ಪ್ರೋಗ್ರಾಂ ಇದೆ. ಅದರಲ್ಲಿ ಒಬ್ಬ ಸುಳ್ಳು ಮನುಷ್ಯನನ್ನು ಹುಟ್ಟಿಸಿ. ಮೊದಲು ಓದುವವನೆಂದು ಸೇರಿಸಿ, ಅವನ ಹೆಸರಿನಲ್ಲಿ ಏನಾದರೂ ಒಂದು ಪುಟ ಓದಿ ಇಡಿ. ಆಮೇಲೆ ಅವನನ್ನೇ ಕೇಳುವವನೆಂದೂ ಸೇರಿಸಿ. ಕೊನೆಗೆ ಕೇಳುವವರ ಪಟ್ಟಿಯಿಂದ ಮಾತ್ರ ತೆಗೆದು, ಓದಿದ ಪುಟದ ವಿವರ ಉಳಿದಿದೆಯೋ ನೋಡಿ. ಆದದ್ದನ್ನು ಆದ ಹಾಗೆ ಬರೆಯಿರಿ.

ಗುಬ್ಬಿ


ಏಪ್ರಿಲ್ 9

ಗುಬ್ಬಿ,

ಸುಳ್ಳು ಮನುಷ್ಯನಿಗೆ ಏನು ಹೆಸರಿಡಲಿ ಎಂದು ಹತ್ತು ನಿಮಿಷ ಕೂತಿದ್ದೆ. ಕೊನೆಗೆ ‘ಯಾರೋ’ ಅಂತ ಇಟ್ಟೆ. ಓದಲು ಕೈಗೆ ಬೇರೇನೂ ಸಿಗಲಿಲ್ಲ. ಗೋಡೆಯ ಮೇಲಿದ್ದ, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನೆಯನ್ನೇ ಗಟ್ಟಿಯಾಗಿ ಓದಿದೆ. ಫೋನಿನಣ್ಣ ಗಾಬರಿಯಿಂದ ಕೋಲು ಹುಡುಕಿಕೊಂಡು ಎದ್ದು ನಿಂತಿದ್ದ. “ನಿಜವಾಗ್ಲೂ ಬಿದ್ರೆ ಇಷ್ಟು ನಿಧಾನಕ್ಕೆ ಓದ್ಬೇಡಿ ತಾಯಿ,” ಅಂದ.

ಆಮೇಲೆ ಯಾರೋ ಎಂಬವನನ್ನು ಕೇಳುವವನಾಗಿ ಸೇರಿಸಲು ಹೋದೆ. ಅದೇ ಫೋನ್ ನಂಬರ್ ನೋಡಿ ಪ್ರೋಗ್ರಾಂ ‘ಅದೇ ವ್ಯಕ್ತಿಯೇ?’ ಅಂತ ಕೇಳಿತು. ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ನಿಮ್ಮಣ್ಣನಿಗೆ ಪೂರ್ತಿ ಕಾಣದಾದಾಗ, ಅವರನ್ನು ಕೇಳುವವರ ಪಟ್ಟಿಗೆ ಸೇರಿಸಿದವಳು ನಾನೇ. ಆಗಲೂ ಹೀಗೇ ಕೇಳಿತ್ತು. ಹೌದು ಅಂತ ಒತ್ತಿದ್ದೆ. ಅವರು ಹಿಂದೆ ಕುರ್ಚಿಯಲ್ಲಿ ಕೂತು, “ಏನಂತೆ ಅದು?” ಅಂದಿದ್ದರು. “ನೀವು ಅದೇ ಮನುಷ್ಯನಾ ಅಂತ ಕೇಳ್ತಿದೆ,” ಅಂದೆ. “ನಂಗೂ ಡೌಟೇ, ಹೌದು ಅಂತ ಹಾಕು ಸದ್ಯಕ್ಕೆ,” ಅಂದರು.

ತೆಗೆಯುವಾಗ ‘ತೆಗೆಯಲೇ?’ ಅಂತ ಒಂದೇ ಮಾತು ಬಂತು. ಹೌದು ಅಂದೆ. ಕೇಳುವವರ ಪಟ್ಟಿಯಿಂದ ಯಾರೋ ಹೋದ. ಓದುವವರ ಪಟ್ಟಿ ತೆಗೆದು ನೋಡಿದೆ, ಅಲ್ಲಿಂದಲೂ ಹೋಗಿದ್ದ. ಬೆಂಕಿಯ ಪುಟವೂ ಹೋಗಿತ್ತು.

ಅಂದರೆ ನಾನು.

ಗುಬ್ಬಿ, ಅದೇ ವ್ಯಕ್ತಿಯೇ ಅಂತ ಕೇಳಿದಾಗ ನಾನು ಅಲ್ಲ ಅನ್ನಬೇಕಿತ್ತೇ? ಅದೊಂದನ್ನು ಬರೆ.

ಡಿಸ್ಕ್ ರಿಪೇರಿಯವನು ಆರು ದಿನ ಇಟ್ಟುಕೊಂಡು ವಾಪಸ್ ಕೊಟ್ಟ. ಒಂದನೇ ತಾರೀಕು ಬೆಳಿಗ್ಗೆ ಗುಡಿಸಿದ ಮೇಲೆ ಅವತ್ತಿಡೀ ದಿನ ಮೂರು ಕೋಣೆಯಲ್ಲೂ ರೆಕಾರ್ಡಿಂಗ್ ನಡೆದಿದೆಯಂತೆ. ಸಿಕ್ಕ ಚೂರುಗಳನ್ನು ಕೇಳಿಸಿದ. ಅರ್ಧ ಪದ, ಉಸಿರು, ಪುಟ ಮಗುಚುವ ಸದ್ದು. ಸಾಕು ನಿಲ್ಲಿಸಪ್ಪ ಅಂದೆ.

ನನ್ನ ಕಾಗದ ಒಂದೇ ಒಂದು ದಿನ ಮೊದಲು ನಿನ್ನ ಕೈಸೇರಿದ್ದರೆ ಉಳಿಯುತ್ತಿತ್ತು, ಅಲ್ಲವೇ? ಐದು ದಿನಕ್ಕೆ ಖಂಡಿತ ಸೇರುತ್ತೆ ಅಂತ ಅಂಚೆ ಕೌಂಟರಿನವಳು ಹೇಳಿದ್ದಳು. ಹೋಗಿ ಬಾಯಿಗೆ ಬಂದಂತೆ ಬೈದು ಬಂದೆ. ಇಪ್ಪತ್ತು ಜನರ ಮುಂದೆ.

ನಿನ್ನ ಅತ್ತಿಗೆ


ಏಪ್ರಿಲ್ 15

ಅತ್ತಿಗೆ,

ನೀವು ಹೌದು ಅಂದದ್ದು ಸರಿ. ಅದೇ ವ್ಯಕ್ತಿ. ತಪ್ಪು ಅಲ್ಲಿ ಇಲ್ಲ.

ಪ್ರೋಗ್ರಾಂ ಬರೆಯುವಾಗ ನಾನು ಮೊದಲು ‘ವ್ಯಕ್ತಿ’ ಎಂಬ ಟೇಬಲ್, ಅಂದರೆ ಒಂದು ಪಟ್ಟಿ, ಮಾಡಿದೆ. ಹೆಸರು, ವಿಳಾಸ, ಫೋನ್ ಅದರಲ್ಲಿ. ‘ಓದುವವರು’, ‘ಕೇಳುವವರು’ ಎಂಬ ಎರಡು ಟೇಬಲ್‌ಗಳು ಅದರ ಮೇಲೆ ನಿಂತವು. ಅವು ಹೆಸರು ವಿಳಾಸಗಳನ್ನು ತಮ್ಮಲ್ಲಿ ಇಟ್ಟುಕೊಳ್ಳದೆ ವ್ಯಕ್ತಿಯಿಂದ ತೆಗೆದುಕೊಳ್ಳುತ್ತವೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆಯಬಾರದು ಎಂದು ಕಲಿತಿದ್ದೆ. ಅಣ್ಣ ಕರಡು ತಿದ್ದುವವನು, ಅವನಿಗೆ ಇದು ಬಹಳ ಹಿಡಿಸಿತ್ತು.

ಆದರೆ ಇಂಥ ಜೋಡಣೆಯಲ್ಲಿ ಕೇಳುವವನನ್ನು ತೆಗೆಯಿರಿ ಎಂದರೆ ಅದು ಆ ಸಾಲನ್ನಷ್ಟೇ ತೆಗೆಯುವುದಿಲ್ಲ. ಅದರಡಿಯ ವ್ಯಕ್ತಿಯನ್ನೂ ತೆಗೆಯುತ್ತದೆ. ವ್ಯಕ್ತಿ ಹೋದರೆ ಅವನನ್ನು ನೆಚ್ಚಿದ್ದೆಲ್ಲ ಹೋಗುತ್ತದೆ: ಓದುವವನು, ಅವನು ಓದಿದ ಪುಸ್ತಕಗಳು, ಆ ಪುಸ್ತಕಗಳಲ್ಲಿ ಕೇಳುಗರು ನಿಲ್ಲಿಸಿದ ಜಾಗಗಳು. ಡ್ರೈವರ್‌ ಅವರ ಹಡಗು ಹಾಗೆ ಹೋಯಿತು. ಇಷ್ಟು ವರ್ಷ ಇದು ಯಾರಿಗೂ ಕಾಣಲಿಲ್ಲ, ಏಕೆಂದರೆ ಕೇಳುವವರು ಕೇಳುವವರಷ್ಟೇ ಆಗಿದ್ದರು. ಅವರ ಜೊತೆ ಹೋಗುತ್ತಿದ್ದದ್ದು ಅವರು ಕೇಳಿದ ಪುಸ್ತಕಗಳ ಲೆಕ್ಕವಷ್ಟೇ. ಎರಡೂ ಆದವನು ಒಬ್ಬನೇ. ಓದುವವನ ಕಣ್ಣು ಹೋಗಬಹುದು ಎಂಬುದು ಬರೆಯುವಾಗ ನನಗೆ ತೋಚಲಿಲ್ಲ.

‘ತೆಗೆಯಲೇ?’ ಎಂಬ ಒಂಟಿ ಮಾತಿನ ಕಥೆ ನಿಮಗೆ ಗೊತ್ತಿರಲಾರದು. ಮೊದಲು ಹಾಗಿರಲಿಲ್ಲ. ಒಂದು ಹೆಸರು ತೆಗೆಯುವ ಮುಂಚೆ ಅದರ ಜೊತೆ ಏನೇನು ಹೋಗುತ್ತದೆ ಎಂದು ಸ್ಕ್ರೀನಿನ ಮೇಲೆ ಸಾಲಾಗಿ ತೋರಿಸುತ್ತಿತ್ತು. ಆಗ ಆ ಕೆಲಸ ಮಾಡುತ್ತಿದ್ದವನು ಫೋನಿನಣ್ಣ. ಕಾಣದವನಾದ್ದರಿಂದ ಕಂಪ್ಯೂಟರ್ ಅಷ್ಟನ್ನೂ ಅವನಿಗೆ ಓದಿ ಹೇಳಬೇಕು. ಒಬ್ಬರನ್ನು ತೆಗೆಯಲು ಮುಕ್ಕಾಲು ಗಂಟೆ. ಒಂದು ದಿನ ಅಣ್ಣ ರೆಕಾರ್ಡಿಂಗ್ ಮುಗಿಸಿ ಬಂದವನು ಬಾಗಿಲಲ್ಲಿ ನಿಂತು ಕೇಳಿದ. “ಏನಿದು ಗುಬ್ಬಿ, ಹರಿಕಥೆ ಮಾಡ್ಸಿದೀಯ. ತೆಗೀಲೇ ಅಂತ ಒಂದು ಮಾತು ಕೇಳಿದ್ರೆ ಸಾಲ್ದಾ?” ಎಲ್ಲರೂ ನಕ್ಕೆವು. ಅವತ್ತೇ ಆ ಸಾಲುಗಳನ್ನು ಕಿತ್ತುಹಾಕಿದೆ. ಅವು ಇದ್ದಿದ್ದರೆ ಮಾರ್ಚ್ ಒಂಬತ್ತರಂದು ಇನ್ನೂರ ಹದಿನಾಲ್ಕು ಪುಸ್ತಕಗಳ ಹೆಸರು ನಿಮ್ಮ ಕಣ್ಣ ಮುಂದೆ ಬರುತ್ತಿದ್ದವು. ನೀವು ಒತ್ತುತ್ತಿರಲಿಲ್ಲ.

ಹಾಗಾಗಿ ‘ನಾನು’ ಎಂದು ಬರೆಯಬೇಡಿ. ಬರೆಯುವುದಿದ್ದರೆ ಅದು ನನ್ನ ಕಾಗದದಲ್ಲಿ ಇರಬೇಕಾದ ಮಾತು.

ಈಗ ಮಾಡಬೇಕಾದ್ದು ಬೇರೆ ಹಾಳೆಯಲ್ಲಿದೆ. ಡ್ರಾಯರಿನ ಡಿಸ್ಕಿನಲ್ಲಿ ಮಾರ್ಚ್ ಏಳರ ಶನಿವಾರದ ನಕಲು ತೆಗೆದುಕೊಳ್ಳಿ. ಮೊದಲು ವ್ಯಕ್ತಿಯನ್ನು ವಾಪಸ್ ಸೇರಿಸಬೇಕು, ಆಮೇಲೆ ಓದುವವನನ್ನು, ಆಮೇಲೆ ಪುಸ್ತಕಗಳನ್ನು, ಕೊನೆಗೆ ನಿಲ್ಲಿಸಿದ ಜಾಗಗಳನ್ನು. ಹಿಂದುಮುಂದಾದರೆ ಅದು ಒಪ್ಪುವುದಿಲ್ಲ. ಇನ್ನು ಮುಂದೆ ಯಾರನ್ನೂ ತೆಗೆಯುವುದು ಬೇಡ; ‘ಈಗ ಕೇಳುತ್ತಿಲ್ಲ’ ಎಂದು ಗುರುತು ಹಾಕಿದರೆ ಸೋಮವಾರದ ಫೋನ್ ನಿಲ್ಲುವಂತೆ ಪ್ರೋಗ್ರಾಂ ಬದಲಾಯಿಸಿ ಇದರ ಜೊತೆ ಪೆನ್‌ಡ್ರೈವಿನಲ್ಲಿ ಕಳಿಸಿದ್ದೇನೆ. ಗುಡಿಸುವುದನ್ನೂ ಅದರಲ್ಲೇ ನಿಲ್ಲಿಸಿದ್ದೇನೆ. ಧ್ವನಿಗೆ ಮಾತ್ರ ದಾರಿ ತೋಚುತ್ತಿಲ್ಲ.

ಅಂಚೆ ಕೌಂಟರಿನವಳನ್ನು ಮತ್ತೆ ಬೈಯಬೇಡಿ. ಅವಳ ಕೈಯಲ್ಲಿ ಏನೂ ಇರಲಿಲ್ಲ.

ಗುಬ್ಬಿ


ಜೂನ್ 18

ಗುಬ್ಬಿ,

ನೀನು ಹೇಳಿದ ಹಾಗೇ ಮಾಡಿದೆ. ಅವರ ಹೆಸರು ಬಂತು. ಇನ್ನೂರ ಹದಿನಾಲ್ಕು ಪುಸ್ತಕಗಳ ಹೆಸರೂ ಬಂದವು, ಕೇಳುಗರು ನಿಲ್ಲಿಸಿದ ಜಾಗಗಳೂ ಬಂದವು. ಒತ್ತಿದರೆ ಸದ್ದಿಲ್ಲ. ಡ್ರೈವರ್ ಫೋನ್ ಮಾಡಿ, “ಮೇಡಂ, ಹನ್ನೊಂದನೇ ಅಧ್ಯಾಯ, ಇಪ್ಪತ್ತನೇ ನಿಮಿಷ ಅಂತ ಸರಿಯಾಗೇ ಹೇಳುತ್ತೆ. ಆಮೇಲೆ ಏನೂ ಹೇಳಲ್ಲ,” ಅಂದರು.

ಧ್ವನಿಗೆ ದಾರಿ ಹೊಳೆದದ್ದು ಫೋನಿನಣ್ಣನಿಗೆ. ಫೋನ್ ಲೈನ್ ಬರುವ ಮುಂಚೆ ನಾವು ಪುಸ್ತಕಗಳನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದೆವಲ್ಲ. ಕೇಳಿ ವಾಪಸ್ ಕಳಿಸಬೇಕು, ನಾವು ಅಳಿಸಿ ಬೇರೆ ತುಂಬುತ್ತಿದ್ದೆವು. ವಾಪಸ್ ಕೊಡದವರಿಗೆ ನಾನು ನೋಟಿಸ್ ಮೇಲೆ ನೋಟಿಸ್ ಕಳಿಸುತ್ತಿದ್ದೆ. “ಆ ಕಳ್ಳರ ಪಟ್ಟಿ ಇನ್ನೂ ನಿಮ್ಮತ್ರ ಇದ್ಯಾ?” ಅಂತ ಕೇಳಿದ. ಇತ್ತು. ನನ್ನ ಕೈಬರಹದ ಪುಸ್ತಕದಲ್ಲಿ, ಕೆಂಪು ಇಂಕಿನಲ್ಲಿ, ನೂರ ಮೂವತ್ತು ಹೆಸರು.

ಇಬ್ಬರೂ ಕೂತು ಒಬ್ಬೊಬ್ಬರಿಗೆ ಫೋನ್ ಮಾಡಿದೆವು. ನನ್ನ ದನಿ ಕೇಳುತ್ತಲೇ ಒಬ್ಬರು, “ಕೊಡ್ತೀನಿ ಕೊಡ್ತೀನಿ, ನಾಳೇನೇ ಕಳಿಸ್ತೀನಿ,” ಅಂತ ಗಾಬರಿಯಾದರು. ಇಟ್ಟುಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂದರೆ ನಂಬಲಿಲ್ಲ. ಒಬ್ಬಾಕೆ ಹನ್ನೆರಡು ವರ್ಷದಿಂದ ಒಂದೇ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಕಳಿಸಲು ಒಪ್ಪಲಿಲ್ಲ. ನಾನೇ ಬಸ್ಸಿನಲ್ಲಿ ಹೋಗಿ, ಅವರ ಎದುರೇ ನಕಲು ಮಾಡಿಕೊಂಡು ವಾಪಸ್ ಕೊಟ್ಟೆ. ಪುಸ್ತಕ ಯಾವುದು ಅಂತ ಅವರಿಗೇ ಮರೆತಿತ್ತು. “ಯಾವ್ದಾದ್ರೇನು, ಆ ಸ್ವರ ಇದ್ರೆ ನಿದ್ದೆ ಬರುತ್ತೆ,” ಅಂದರು. ಇಪ್ಪತ್ತೆಂಟು ವರ್ಷ ಆ ಸ್ವರದ ಪಕ್ಕದಲ್ಲಿ ಮಲಗಿದವಳು ನಾನು ಅಂತ ಹೇಳಲಿಲ್ಲ.

ಪೂರ್ತಿ ಸಿಕ್ಕಿದ್ದು ಐವತ್ತೆಂಟು. ಅರ್ಧಮರ್ಧ ಇಪ್ಪತ್ತಮೂರು. ಇನ್ನು ಬರುವ ಹಾಗೆ ಕಾಣುವುದಿಲ್ಲ. ಹಡಗಿನ ಪುಸ್ತಕ ಯಾರ ಹತ್ತಿರವೂ ಇಲ್ಲ. ಡ್ರೈವರ್‌ ಅವರಿಗಾಗಿ ಹನ್ನೊಂದನೇ ಅಧ್ಯಾಯದ ಇಪ್ಪತ್ತನೇ ನಿಮಿಷದಿಂದ ನಾನೇ ಓದುತ್ತಿದ್ದೇನೆ. ನನ್ನ ಓದು ಬಹಳ ಕೆಟ್ಟದಾಗಿದೆ. ಮೊದಲನೇ ದಿನ ಕೇಳಿ, “ಹಡಗು ಮುಳುಗಲ್ಲ ಬಿಡಿ ಮೇಡಂ, ಈ ಸ್ಪೀಡಲ್ಲಿ ದಡ ಸೇರುತ್ತೆ,” ಅಂದರು.

ಅವರ ಹತ್ತಿರವೂ ಬೇರೊಂದು ಹಳೆಯ ಕಾರ್ಡ್ ಇತ್ತು. ಅದರಲ್ಲಿ ಒಂದು ಕಡೆ ನಿಮ್ಮಣ್ಣ ಓದುತ್ತ ಓದುತ್ತ ಕೆಮ್ಮುತ್ತಾರೆ. ಆಮೇಲೆ, “ಗುಬ್ಬಿ, ಇದನ್ನ ಕಟ್ ಮಾಡು. ನಗಬೇಡ, ನೀನು ನಕ್ಕರೆ ನಂಗೂ ನಗು ಬರುತ್ತೆ,” ಅನ್ನುತ್ತಾರೆ. ಗಾಜಿನ ಆಚೆ ಮೆಷಿನ್ ಹತ್ತಿರ ಕೂತಿದ್ದವಳು ನೀನಲ್ಲವೇ? ಕಟ್ ಮಾಡಲು ಮರೆತಿದ್ದೀಯ. ಡ್ರೈವರ್ ಇಷ್ಟು ವರ್ಷ ಅದು ಕಥೆಯೊಳಗಿನ ಮಾತು ಅಂದುಕೊಂಡಿದ್ದರಂತೆ. “ಆ ಗುಬ್ಬಿ ಆಮೇಲೆ ಎಲ್ಲೂ ಬರೋದೇ ಇಲ್ವಲ್ಲ ಮೇಡಂ, ಅದ್ಯಾಕೆ?” ಅಂತ ಕೇಳಿದರು.

ಆ ಕಾರ್ಡಿನ ನಕಲು ಕಳಿಸಿದ್ದೇನೆ, ಆ ಮಾತು ಎಷ್ಟನೇ ನಿಮಿಷದಲ್ಲಿದೆ ಅಂತ ಅದರ ಕವರಿನ ಮೇಲೆ ಬರೆದಿದ್ದೇನೆ. ಆದರೆ ನಾವಿಬ್ಬರೂ ಒಟ್ಟಿಗೆ ಕೇಳಬೇಕು ಅಂತ ನನ್ನಾಸೆ. ಭಾನುವಾರ ಫೋನ್ ಮಾಡುತ್ತೇನೆ. ಕೋಪ ಏನಿದ್ದರೂ ಇರಲಿ, ಒಂದು ಸಲ ಎತ್ತು.

ನಿನ್ನ ಅತ್ತಿಗೆ


ಜುಲೈ 1

ಅತ್ತಿಗೆ,

ಭಾನುವಾರ ಫೋನಿನ ಬೆಳಕು ಆರು ಸಲ ಹತ್ತಿ ಆರಿತು. ನೋಡುತ್ತ ಕೂತಿದ್ದೆ. ಕೋಪವಲ್ಲ.

ನನಗೆ ಕೇಳುವುದಿಲ್ಲ. ಆರು ವರ್ಷದಿಂದ ಕಡಿಮೆಯಾಗುತ್ತ ಬಂದು ಈಗ ಪೂರ್ತಿ ಹೋಗಿದೆ. ಕೆಲಸ ಬಿಟ್ಟದ್ದು ಅದಕ್ಕೆ. ಈಗ ಚಿತ್ರಗಳಿಗೆ ಚೌಕಟ್ಟು ಕಟ್ಟುವ ಅಂಗಡಿಯಲ್ಲಿದ್ದೇನೆ. ಅಲ್ಲಿ ಅಳತೆ ತಿಳಿದರೆ ಸಾಕು.

ಕೊನೆಯ ಸಲ ಬಂದಾಗ ನೀವು ಅಂಗಡಿಗೆ ಹೋಗಿದ್ದಿರಿ. ಅಣ್ಣ ಮಾತಾಡಿದ. ನಾನು ತಲೆಯಾಡಿಸಿದೆ. ಅವನಿಗೆ ಅದು ಕಾಣದು, ನನಗೆ ಅವನ ಮಾತು ಕೇಳದು. ಅರ್ಧ ಗಂಟೆ ಹೀಗೆ ಕಳೆಯಿತು. ಕೊನೆಗೆ ಅವನ ತುಟಿಗಳಿಂದ ಒಂದು ಮಾತು ಓದಿಕೊಂಡೆ. “ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಹೋಗು.” ನನಗೆ ಕೇಳಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅವನಿಗಿದ್ದದ್ದು ಕೇಳುವುದೊಂದೇ, ಅದು ನನಗಿಲ್ಲ ಎಂದು ಅವನೆದುರು ಹೇಳಲು ಬಾಯಿ ಬರಲಿಲ್ಲ. ಎದ್ದು ಬಂದೆ.

ಕಾರ್ಡ್ ಬಂದಿದೆ. ಅವನ ಮಾತನ್ನು ನೀವು ಬರೆದು ಕಳಿಸಿದ್ದು ಒಳ್ಳೆಯದಾಯಿತು.

ಗುಬ್ಬಿ


ಜುಲೈ 2

ಅಣ್ಣ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಿನಗೆ ಬರೆದದ್ದನ್ನೆಲ್ಲ ಅತ್ತಿಗೆ ಓದಿ ಹೇಳುತ್ತಿದ್ದರು. ಅವರು ಓದಬಾರದ್ದನ್ನು ನಿನಗೆ ಬರೆಯುವ ದಾರಿಯೇ ಇರಲಿಲ್ಲ. ಈಗ ಇದೆ.

ಪ್ಲೇಯರನ್ನು ಮೇಜಿನ ಮೇಲಿಟ್ಟು ಅದರ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತೆ. ನೀನು ಓದುವಾಗ ಸಣ್ಣಗೆ ನಡುಗುತ್ತದೆ. ವಾಕ್ಯ ಮುಗಿದಲ್ಲಿ ನಿಲ್ಲುತ್ತದೆ. ಅತ್ತಿಗೆ ನಿಮಿಷ ಬರೆದು ಕಳಿಸಿದ್ದರು. ಕೆಮ್ಮು ಕೈಗೆ ಬಡಿಯಿತು. ಆಮೇಲಿನ ಮಾತೂ ಬಂತು. ಆ ಜಾಗವನ್ನು ನಾನು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ನಿನಗೆ ಹೇಳಿರಲಿಲ್ಲ.

ಇನ್ನೊಂದನ್ನು ಯಾರಿಗೂ ಹೇಳಿಲ್ಲ. ಅತ್ತಿಗೆಯ ಕಾಗದ ಬಂದದ್ದು ಮಾರ್ಚ್ ಇಪ್ಪತ್ತೇಳಕ್ಕೆ. ಲಕೋಟೆಯ ಮೇಲಿನ ಅಕ್ಷರ ನೋಡಿದೆ. ನೀನು ಹೋಗಿ ನಾಲ್ಕು ತಿಂಗಳಾಗುತ್ತ ಬಂದಿತ್ತು. ಯಾಕೆ ಬರಲಿಲ್ಲ ಎಂದು ಕೇಳಿರುತ್ತಾರೆ ಅಂದುಕೊಂಡೆ. ಲಕೋಟೆ ತೆರೆಯಲಿಲ್ಲ. ಗಾಜು ಕತ್ತರಿಸುವ ಮೇಜಿನ ತುದಿಯಲ್ಲಿ ಇಟ್ಟೆ. ದಿನಾ ಅದನ್ನು ಸರಿಸಿ ಕೆಲಸ ಮಾಡುತ್ತಿದ್ದೆ, ಮತ್ತೆ ಅಲ್ಲೇ ಇಡುತ್ತಿದ್ದೆ. ಒಡೆದದ್ದು ಏಪ್ರಿಲ್ ಎರಡಕ್ಕೆ. ಅಷ್ಟರಲ್ಲಿ ನಾನೇ ಬರೆದ ಪ್ರೋಗ್ರಾಂ ಬಂದು ಗುಡಿಸಿಕೊಂಡು ಹೋಗಿತ್ತು.

ಅತ್ತಿಗೆ ಅಂಚೆಯವಳನ್ನು ಬೈದರು. ಬೈದದ್ದು ತಪ್ಪು ಎಂದು ಬರೆದೆ, ಯಾಕೆ ತಪ್ಪು ಎಂದು ಬರೆಯಲಿಲ್ಲ. ಟೇಬಲ್‌ಗಳ ತಪ್ಪನ್ನೆಲ್ಲ ನನ್ನ ಮೇಲೆ ಹಾಕಿಕೊಂಡೆ. ಅದು ನಿಜವೇ ಆಗಿದ್ದರಿಂದ ಹಾಕಿಕೊಳ್ಳುವುದು ಸುಲಭವಾಗಿತ್ತು. ಅದರ ಹಿಂದೆ ಆ ಆರು ದಿನಗಳು ಅಡಗಿ ಕೂತವು. ನೂರ ಮೂವತ್ತಮೂರು ಪುಸ್ತಕಗಳು ಹೋದವು, ಅಣ್ಣ. ಉಳಿದವನ್ನು ಉಳಿಸಿಕೊಟ್ಟವರು ಕಾರ್ಡ್ ಕೊಡದೆ ಇಟ್ಟುಕೊಂಡ ಕಳ್ಳರು.

ನಾಳೆ ಅತ್ತಿಗೆಗೆ ಬರೆಯಬೇಕು. ಲಕೋಟೆಯ ಮೇಲೆ ಇಪ್ಪತ್ತೇಳರ ಮುದ್ರೆ ಇದೆ, ಅದನ್ನೇ ಒಳಗಿಟ್ಟು ಕಳಿಸೋಣ ಎಂದಿದ್ದೇನೆ. ಬಿಳಿ ಹಾಳೆ ಮುಂದಿದೆ.

ಬರೆಯುವ ಮುಂಚೆ ಒಂದು ತಿಳಿದುಕೊಳ್ಳಬೇಕಿತ್ತು. ಅತ್ತಿಗೆ ನಲ್ಲಿ ಬಿಟ್ಟಿದ್ದರಂತೆ, ಅರ್ಧವೇ ಕೇಳಿಸಿತಂತೆ. ಫೋನಿಗೆ ಸಿಗದವರು ಕಾಗದಕ್ಕೆ ಸಿಗುತ್ತಾರೆ ಅಂದೆಯೋ, ಕಾಗದಕ್ಕೂ ಸಿಗದವರನ್ನು ಬಿಟ್ಟುಬಿಡಬೇಕು ಅಂದೆಯೋ. ಎರಡರಲ್ಲಿ ನೀನು ಅಂದದ್ದು ಯಾವುದು?

ಗುಬ್ಬಿ